ಇಪ್ಪತ್ತೆರಡನೇ ಸಾಲು

"ಬಿಟ್ಟೇಬಿಡೋಣ ಅಂತಿದ್ದೀನಿ ಕಣೋ," ಎಂದ ಡಾಯ್ಲ್ ಹೆನ್ಸ್ಲಿ, ಗ್ರಿಲ್ಲಿನ ಮೇಲಿದ್ದ ಸಾಸೇಜುಗಳನ್ನು ಒಂದೊಂದಾಗಿ ಹೊರಳಿಸುತ್ತ. "ಮುಂದಿನ ವರ್ಷದ ಸೀಟು. ಎರಡನ್ನೂ."

ವರ್ಲನ್ ಟ್ಯಾಕೆಟ್ ತುಟಿಗೆ ತಂದಿದ್ದ ಕಾಫಿ ಲೋಟವನ್ನು ಹಾಗೇ ಕೆಳಗಿಳಿಸಿದ. ಶನಿವಾರ ಬೆಳಗಿನ ಹತ್ತು ಗಂಟೆ. ಟ್ಯಾಲ್ಬಟ್ ಕಾಲೇಜಿನ ಕ್ರೀಡಾಂಗಣದ ಹಿಂದಿನ ಹುಲ್ಲುಗಾವಲಿನಲ್ಲಿ ಟ್ರಕ್ಕುಗಳು ಹಿಂಬದಿಯ ಬಾಗಿಲು ಇಳಿಸಿಕೊಂಡು ಸಾಲಾಗಿ ನಿಂತಿದ್ದವು. ಎಲ್ಲಿ ನೋಡಿದರೂ ಹೊಗೆ, ಮಾಂಸ ಸುಡುವ ವಾಸನೆ, ರೇಡಿಯೋ ಗದ್ದಲ. ಅಮೆರಿಕನ್ ಫುಟ್‌ಬಾಲ್ ಆಟ ಶುರುವಾಗಲು ಇನ್ನೂ ಮೂರು ಗಂಟೆ ಇತ್ತು. ಮೂವತ್ತೊಂದು ವರ್ಷದಿಂದ ಈ ಇಬ್ಬರೂ ಅದೇ ಓಕ್ ಮರದ ಕೆಳಗೆ ಟ್ರಕ್ ನಿಲ್ಲಿಸಿ, ಗ್ರಿಲ್ ಹಚ್ಚಿ, ಜಗಳ ಆಡುತ್ತ ಬಂದವರು. ಗೆದ್ದ ವರ್ಷಗಳಲ್ಲೂ ಜಗಳಕ್ಕೇನೂ ಕೊರತೆ ಇರಲಿಲ್ಲ. ಈ ವರ್ಷವಂತೂ ಪ್ರಾಥರ್ ಎಂಬ ಹೊಸ ಕೋಚ್ ಬಂದಿದ್ದ, ಒಂಬತ್ತು ಆಟದಲ್ಲಿ ತಂಡ ಗೆದ್ದಿದ್ದು ಒಂದೇ ಒಂದು.

"ಪ್ರತಿ ನವೆಂಬರಿಗೂ ಇದೇ ಹಾಡು ನಿಂದು," ಎಂದಳು ಪಕ್ಕದ ಟ್ರಕ್ಕಿನ ಜೋಲೀನ್. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಅವಳ ಮಾತು ಈಗಲೂ ಹಿಂದಿನ ಸೀಟಿನವರೆಗೆ ಕೇಳಿಸುತ್ತಿತ್ತು.

"ಈ ಸಲ ಬೇರೆ. ಆ ಪ್ರಾಥರ್ ಇರೋವರೆಗೂ ನಾನು ಆ ಬೆಂಚಿನ ಮೇಲೆ ಕೂರಲ್ಲ. ಒಂದು ದಿನ, ಒಂದೇ ಒಂದು ದಿನ, ತಂಡಕ್ಕೆ ಬನ್ನಿ ಅಂತ ನಮ್ಮ ಕಣಿವೆ ಹುಡುಗರ ಮನೆ ಬಾಗಿಲು ತಟ್ಟಿದ್ದಾನಾ? ಟೆಕ್ಸಾಸ್‌ನಿಂದ ಇಬ್ಬರು, ಫ್ಲೋರಿಡಾದಿಂದ ಮೂವರು. ಇಲ್ಲಿ ಚಳಿ ಬಿದ್ದ ತಕ್ಷಣ ಕೈ ಮುದುರ್ಕೊಂಡು ನಿಂತ್ಕೋತಾರೆ. ಚೆಂಡು ಎದೆಗೆ ಬಡಿದು ಕೆಳಗೆ ಬೀಳುತ್ತೆ."

"ಹಳೇ ಕೋಚ್ ಬ್ಯಾಸ್ಕಮ್ ಮೊದಲನೇ ವರ್ಷ ಎಷ್ಟು ಗೆದ್ದಿದ್ದ? ಹೇಳು ನೋಡೋಣ," ಎಂದಳು ಜೋಲೀನ್.

"ಅದರ ವಿಷಯ ಬೇರೆ ಬಿಡು."

"ಎರಡು! ಎರಡೇ ಎರಡು! ಆಗ ನೀನೇ ಅಲ್ವಾ ಅವನ ಮನೆ ಮುಂದೆ 'ಮನೆ ಮಾರಾಟಕ್ಕಿದೆ' ಅಂತ ಬೋರ್ಡು ನೆಟ್ಟು ಬಂದಿದ್ದು? ಆಮೇಲೆ ಹತ್ತೊಂಬತ್ತು ವರ್ಷ ಅವನನ್ನ ದೇವರು ಅಂದೆ. ಇವನಿಗೂ ಸ್ವಲ್ಪ ಟೈಮ್ ಕೊಡ್ರಪ್ಪ."

"ಬೋರ್ಡು ಬರೆದಿದ್ದು ವರ್ಲನ್. ನಾನು ಸುತ್ತಿಗೆ ಹಿಡ್ಕೊಂಡಿದ್ದೆ ಅಷ್ಟೆ."

ಬೇರೆ ದಿನವಾಗಿದ್ದರೆ ವರ್ಲನ್ ಹೊಟ್ಟೆ ಹಿಡಿದು ನಗುತ್ತಿದ್ದ. ಆ ಬೋರ್ಡು ನೆಟ್ಟ ಮರುದಿನ ಬೆಳಗ್ಗೆ ಅವನ ಹೆಂಡತಿ ನೋರೀನ್ ತಾನೇ ಹೋಗಿ ಅದನ್ನು ಕಿತ್ತು, ಬ್ಯಾಸ್ಕಮ್‌ನ ಹೆಂಡತಿಯ ಕೈಗೆ ಒಂದು ಆಪಲ್ ಪೈ ಇಟ್ಟು, "ನಮ್ಮ ಮನೆ ಗಂಡಸಿಗೆ ಬುದ್ಧಿ ಕಮ್ಮಿ, ತಪ್ಪು ತಿಳ್ಕೋಬೇಡಿ" ಎಂದು ಹೇಳಿ ಬಂದಿದ್ದಳು. ಈವತ್ತು ವರ್ಲನ್‌ಗೆ ನಗು ಬರಲಿಲ್ಲ.

ಇಪ್ಪತ್ತೆರಡನೇ ಸಾಲು, ಐದರಿಂದ ಎಂಟು. ಮೈದಾನದ ನಡುಗೆರೆಗೆ ನೇರವಾಗಿರುವ ಬೆಂಚು. ಐದು ಡಾಯ್ಲ್‌ನ ಹೆಂಡತಿಯದು. ಮಂಡಿನೋವು ಹಿಡಿದ ಮೇಲೆ ಅವಳು ಮೆಟ್ಟಿಲು ಹತ್ತುವುದು ಬಿಟ್ಟು, ಅಲ್ಲಿ ಕೋಟುಗಳು ಕೂರುತ್ತಿದ್ದವು. ಆರು ಡಾಯ್ಲ್‌ನದು. ಎಂಟು ವರ್ಲನ್‌ನದು. ನಡುವಿನ ಏಳು ನೋರೀನ್‌ಳದು. ಅವಳು ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಪ್ರತಿ ವರ್ಷವೂ ವರ್ಲನ್ ಎರಡು ಟಿಕೆಟ್ ಕೊಳ್ಳುತ್ತಿದ್ದ, ಏಳನ್ನು ಖಾಲಿ ಬಿಡುತ್ತಿದ್ದ. ಮೊದಲ ವರ್ಷ ಮಗಳು "ನಾನು ಬರ್ಲಾ ಅಪ್ಪ?" ಎಂದು ಕೇಳಿದಾಗ ಬೇಡ ಎಂದಿದ್ದ. ಮಗಳು ಅತ್ತಳು, ಆದರೂ ಅವನು ಬಗ್ಗಲಿಲ್ಲ. ಡಾಯ್ಲ್ ಮಾತ್ರ ಒಂದು ದಿನವೂ ಆ ಜಾಗದ ಬಗ್ಗೆ ಮಾತೆತ್ತಲಿಲ್ಲ; ಕಡಲೆಕಾಯಿ ಪೊಟ್ಟಣವನ್ನು ಅದರ ಮೇಲಿಂದ ದಾಟಿಸಿಯೇ ಕೊಡುತ್ತಿದ್ದ. ರೆಫರಿ ತಪ್ಪು ತೀರ್ಪು ಕೊಟ್ಟಾಗ ಇಬ್ಬರೂ ಒಂದು ಗಳಿಗೆ ಸುಮ್ಮನಾಗುತ್ತಿದ್ದರು, ಅವಳು ಕೂಗುತ್ತಿದ್ದಷ್ಟು ಹೊತ್ತು. ಡಾಯ್ಲ್ ಸೀಟು ಬಿಟ್ಟರೆ ಅಲ್ಲಿ ಯಾರೋ ಬರುತ್ತಾರೆ. ಖಾಲಿ ಜಾಗ ಕಂಡು ಚೀಲ ಇಡುತ್ತಾರೆ. ಅವರಿಗೆ ಏನು ಹೇಳುವುದು?

ಅದನ್ನು ಯೋಚಿಸುತ್ತಿರುವಾಗಲೇ ಅವನ ಬಾಯಿಂದ ಆ ಮಾತು ಜಾರಿತು.

"ಸ್ಟಿಡ್ಯಾಮ್ ಹುಡುಗ ನಮ್ಮಲ್ಲಿಗೇ ಬರ್ತಿದ್ದಾನೆ."

ಡಾಯ್ಲ್‌ನ ಕೈ ನಿಂತಿತು. ಕೇಡನ್ ಸ್ಟಿಡ್ಯಾಮ್ ಎಂದರೆ ಕಣಿವೆಯ ಆಚೆ ತುದಿಯ ಕೋಪರ್ಸ್ ಗ್ಯಾಪ್ ಹೈಸ್ಕೂಲಿನ ಕ್ವಾರ್ಟರ್‌ಬ್ಯಾಕ್. ಅರವತ್ತು ಗಜ ದೂರಕ್ಕೆ ಚೆಂಡೆಸೆದು ಓಡುತ್ತಿರುವವನ ಅಂಗೈಗೇ ಇಳಿಸುವ ಹುಡುಗ. ದೊಡ್ಡ ದೊಡ್ಡ ಕಾಲೇಜುಗಳ ಕೋಚ್‌ಗಳು ಅವರ ಮನೆಯ ಅಡುಗೆಕೋಣೆಯಲ್ಲಿ ಕೂತು ಎದ್ದುಹೋಗಿದ್ದರು.

"ಯಾರು ಹೇಳಿದ್ದು?"

"ಅವನ ಚಿಕ್ಕಪ್ಪ. ಗೇರ್‌ಬಾಕ್ಸ್ ರಿಪೇರಿ ಮಾಡಿಸ್ಕೊಳ್ಳೋಕೆ ನಮ್ಮ ಗ್ಯಾರೇಜಿಗೆ ಬಂದಿದ್ದ. ಪ್ರಾಥರ್ ಆರು ತಿಂಗಳಿಂದ ಅವರ ಮನೆಗೆ ಓಡಾಡ್ತಿದ್ದಾನಂತೆ. ಯಾರಿಗೂ ಹೇಳ್ಬೇಡ ಅಂದ."

"ನೋಡಿದ್ಯಾ? ನಾನು ಹೇಳ್ಲಿಲ್ವಾ?" ಎಂದು ಜೋಲೀನ್ ಚಪ್ಪಾಳೆ ತಟ್ಟಿದಳು. ಡಾಯ್ಲ್‌ನ ಮುಖದಲ್ಲಿ ಖುಷಿಗಿಂತ ಗಾಬರಿಯೇ ಹೆಚ್ಚಾಗಿ ಕಂಡಿತು. ವರ್ಲನ್ ಅದನ್ನು ಗಮನಿಸಲಿಲ್ಲ. ಸುಳ್ಳು ಹೇಳಿದವನಿಗೆ ತನ್ನ ಮುಖ ಸರಿಯಾಗಿಟ್ಟುಕೊಳ್ಳುವುದೇ ಕೆಲಸವಾಗಿತ್ತು.

ಯಾರಿಗೂ ಹೇಳಬೇಡ ಎಂಬ ಮಾತು ನಮ್ಮ ಟ್ಯಾಲ್ಬಟ್‌ನಲ್ಲಿ ಎಷ್ಟು ಹೊತ್ತು ಬಾಳುತ್ತದೆ ಎಂದು ಹೇಳಬೇಕಾಗಿಲ್ಲ. ಅವತ್ತಿನ ಆಟವನ್ನೂ ತಂಡ ಸೋತಿತು, ಆದರೆ ಯಾರೂ ಬಯ್ಯಲಿಲ್ಲ. ಸೋಮವಾರ ಕ್ಷೌರದಂಗಡಿಯವನು ವರ್ಲನ್‌ನ ಕುತ್ತಿಗೆಗೆ ಬಟ್ಟೆ ಕಟ್ಟುತ್ತ ವರ್ಲನ್‌ಗೇ ಆ ಸುದ್ದಿ ಹೇಳಿದ. ಮಂಗಳವಾರ ರೇಡಿಯೋದ ಕ್ರೀಡಾಚರ್ಚೆಗೆ ಮೂಗು ಕಟ್ಟಿದ ದನಿಯಲ್ಲಿ ಯಾರೋ ಫೋನು ಮಾಡಿ, ಹುಡುಗನ ತಾಯಿ ಇದೇ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಹಿಡಿದಾಗಿದೆ ಎಂದ. ಕಾಲೇಜು ಸೇರುವ ಪತ್ರಕ್ಕೆ ಇನ್ನೂ ಸಹಿ ಹಾಕದ ಹುಡುಗನ ಬಗ್ಗೆ ಕೋಚ್ ಬಾಯಿ ಬಿಡುವಂತಿಲ್ಲ, ನಿಯಮ ಹಾಗಿದೆ. ವರದಿಗಾರರು ಕೇಳಿದಾಗ ಪ್ರಾಥರ್ ನಕ್ಕು ಸುಮ್ಮನಾದ. ಆ ನಗುವಿಗೆ ಊರು ನೂರು ಅರ್ಥ ಹಚ್ಚಿತು.

ಎರಡು ವಾರ ಕಳೆಯುವಷ್ಟರಲ್ಲಿ ವರ್ಲನ್ ತಾನೂ ನಂಬತೊಡಗಿದ್ದ. ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಹುಡುಗನ ಆಟ ನೋಡುತ್ತ, "ಏನು ಕೈಯಪ್ಪ ಇವನದು" ಎನ್ನುತ್ತಿದ್ದ. ಚಿಕ್ಕಪ್ಪ ಎಂಬ ಒಬ್ಬ ನಿಜವಾಗಿಯೂ ಗ್ಯಾರೇಜಿಗೆ ಬಂದು ಹೋಗಿದ್ದನೇನೋ ಎಂದೂ ಒಂದೊಂದು ಸಲ ಅನ್ನಿಸುತ್ತಿತ್ತು.

ಡಿಸೆಂಬರಿನ ಮೊದಲ ಬುಧವಾರ ಹುಡುಗರು ಸಹಿ ಹಾಕುವ ದಿನ. ಕೋಪರ್ಸ್ ಗ್ಯಾಪ್‌ಗೆ ಹೋಗಲೇಬೇಕು ಎಂದು ಹಟ ಹಿಡಿದವನು ಡಾಯ್ಲ್. ಶಾಲೆಯ ಒಳಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದೆ ಒಂದು ಮೇಜು, ಅದರ ಮೇಲೆ ಮೂರು ಕಾಲೇಜಿನ ಮೂರು ಟೋಪಿ. ಹುಡುಗ ಯಾವುದನ್ನು ತಲೆಗೇರಿಸುತ್ತಾನೋ ಆ ಕಾಲೇಜು. ನಡುವಿನದು ಹಸಿರು, ಟ್ಯಾಲ್ಬಟ್‌ನದು. ಅದನ್ನು ಕಂಡದ್ದೇ ಡಾಯ್ಲ್ ವರ್ಲನ್‌ನ ಮೊಣಕೈ ಹಿಡಿದುಕೊಂಡ.

ಹೊಸ ಅಂಗಿ ತೊಟ್ಟ ಹುಡುಗ ನಿದ್ದೆಗೆಟ್ಟವನ ಹಾಗಿದ್ದ. ಹದಿನೇಳು ವರ್ಷ, ಕೆನ್ನೆಯ ಮೇಲೆ ಮೊಡವೆ. ಅಮ್ಮನಿಗೆ, ದೇವರಿಗೆ, ಕೋಚಿಗೆ ಥ್ಯಾಂಕ್ಸ್ ಹೇಳಿದ. ಕೈ ಚಾಚಿ ಹಸಿರು ಟೋಪಿ ಎತ್ತಿಕೊಂಡ. ಟ್ಯಾಲ್ಬಟ್‌ನಿಂದ ಬಂದವರು ಕಿರುಚಿದರು. ಹುಡುಗ ಅದನ್ನೊಮ್ಮೆ ತಿರುಗಿಸಿ ನೋಡಿ, ಮೆಲ್ಲಗೆ ಪಕ್ಕಕ್ಕಿಟ್ಟು, ಕೆಂಪು ಟೋಪಿ ತಲೆಗೆ ಹಾಕಿಕೊಂಡ.

ವಾಪಸ್ಸು ಬರುವಾಗ ಹತ್ತು ಮೈಲಿ ದಾಟಿದ ಮೇಲೆ, ಮುಚ್ಚಿದ ಹಣ್ಣಿನಂಗಡಿಯೊಂದರ ಹತ್ತಿರ ವರ್ಲನ್‌ಗೆ ತಡೆಯಲಾಗಲಿಲ್ಲ.

"ಡಾಯ್ಲ್, ನಾನು ಹೇಳಿದ್ದು ಸುಳ್ಳು ಕಣೋ."

ಡಾಯ್ಲ್ ಟ್ರಕ್ಕನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. "ಆ ಚಿಕ್ಕಪ್ಪ?"

"ಯಾವ ಚಿಕ್ಕಪ್ಪನೂ ಇಲ್ಲ. ಗೇರ್‌ಬಾಕ್ಸೂ ಇಲ್ಲ. ಆದ್ರೆ ಅವರಮ್ಮ ನರ್ಸ್ ಕೆಲಸ ಹಿಡಿದ್ರು ಅಂತ ನಾನು ಹೇಳಿಲ್ಲ. ಅದು ಆ ರೇಡಿಯೋದವನು ಸೇರಿಸಿದ್ದು."

"ಅದು ನಾನು," ಎಂದ ಡಾಯ್ಲ್. "ಮೂಗು ಹಿಡ್ಕೊಂಡು ಫೋನ್ ಮಾಡಿದ್ದೆ. ನಾಲ್ಕು ಜನ ಜೋರಾಗಿ ಹೇಳಿದ್ರೆ ನಿಜ ಆಗಿಬಿಡುತ್ತೇನೋ ಅಂತ." ಟ್ರಕ್ಕಿನ ಎಂಜಿನ್ ಆರಿಸಿದ. "ನೀನು ಯಾಕೆ ಹೇಳ್ದೆ?"

"ನೀನು ಸೀಟು ಬಿಡ್ತೀನಿ ಅಂದೆ. ನೀನು ಹೋದ್ರೆ ನೋರೀನ್ ಪಕ್ಕ ಯಾರೋ ಬಂದು ಕೂರ್ತಾರೆ. ಅವಳು ಯಾರು ಅಂತಾನೇ ಗೊತ್ತಿಲ್ಲದೋರು. ಅವಳು ಹೇಗೆ ಕೂಗ್ತಿದ್ಲು ಅಂತ ಗೊತ್ತಿರೋದು ನಂಗೆ, ನಿಂಗೆ. ನಂಗೆ ಹೆದರಿಕೆ ಆಯ್ತು ಮಾರಾಯ."

ಡಾಯ್ಲ್ ಕಿಟಕಿಯ ಕಡೆ ಮುಖ ತಿರುಗಿಸಿದ.

"ಅಷ್ಟೊತ್ತಿಗೆ ಬಿಟ್ಟಾಗಿತ್ತು ಕಣೋ. ಆ ಶನಿವಾರದ ಹಿಂದಿನ ದಿನಾನೇ. ಸಿಟ್ಟಿನಲ್ಲಿ ಟಿಕೆಟ್ ಆಫೀಸಿಗೆ ಹೋಗಿ ಫಾರ್ಮ್ ಕೊಟ್ಟು ಬಂದೆ. ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ, ಅದಕ್ಕೇ ಯೋಚನೆ ಮಾಡ್ತಿದ್ದೀನಿ ಅಂದೆ. ಸೋಮವಾರ ಮಧ್ಯಾಹ್ನ ಓಡಿಹೋಗಿ ವಾಪಸ್ ಕೇಳ್ದೆ. ಬೆಳಗ್ಗೆನೇ ಬೇರೆಯವರಿಗೆ ಹೋಯ್ತಂತೆ. ಸ್ಟಿಡ್ಯಾಮ್ ಬರ್ತಾನೆ ಅಂತ ಸುದ್ದಿ ಹಬ್ಬಿ ಜನ ಮುಗಿಬಿದ್ರಂತೆ."

ವರ್ಲನ್‌ಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಅವನಿಗೆ ನಗು ಬಂತು, ಡಾಯ್ಲ್‌ನಿಗೂ ಬಂತು. ಇಬ್ಬರು ಮುದುಕರು ಹಣ್ಣಿನಂಗಡಿಯ ಮುಂದೆ ಕಣ್ಣೀರು ಬರುವ ಹಾಗೆ ನಕ್ಕರು. ನಕ್ಕಾದ ಮೇಲೆ ಡಾಯ್ಲ್ ಟ್ರಕ್ಕನ್ನು ಮತ್ತೆ ರಸ್ತೆಗಿಳಿಸಿದ.

ಆ ಚಳಿಗಾಲ ಇಬ್ಬರೂ ಸಿಕ್ಕಿದ್ದು ಕಮ್ಮಿ. ಪ್ರಾಥರ್‌ನನ್ನು ಕಾಲೇಜು ಇನ್ನೊಂದು ವರ್ಷಕ್ಕೆ ಉಳಿಸಿಕೊಂಡಿತು. ಜೋಲೀನ್ ಇಬ್ಬರಿಗೂ ಫೋನು ಮಾಡಿ ಅದನ್ನೇ ಹೇಳಿ ಹಂಗಿಸಿದಳು. ಆಗಸ್ಟಿನಲ್ಲಿ ವರ್ಲನ್‌ನ ಎರಡು ಟಿಕೆಟ್ ಪುಸ್ತಕ ಅಂಚೆಯಲ್ಲಿ ಬಂದವು. ನಾಲ್ಕು ದಿನ ಅವು ಅಡುಗೆಕೋಣೆಯ ಮೇಜಿನ ಮೇಲೇ ಇದ್ದವು. ಐದನೆಯ ದಿನ ಅವನು ಮಗಳಿಗೆ ಫೋನು ಮಾಡಿ, "ಅವತ್ತು ನಿನ್ನ ಬೇಡ ಅಂದಿದ್ದು ತಪ್ಪಾಯ್ತು ಮಗಳೇ" ಎಂದ. ಏನು ಮಾಡಬೇಕೆಂದಿದ್ದೇನೆ ಎಂದು ಹೇಳಿದ. ಅವಳು, "ಅಮ್ಮ ಇದ್ದಿದ್ರೆ ಅದನ್ನೇ ಮಾಡ್ತಿದ್ಲು ಅಪ್ಪ" ಎಂದಳು.

ಸೆಪ್ಟೆಂಬರಿನ ಮೊದಲ ಶನಿವಾರ ಓಕ್ ಮರದ ಕೆಳಗೆ ಅವನು ಒಂದು ಟಿಕೆಟ್ ಪುಸ್ತಕವನ್ನು ಡಾಯ್ಲ್‌ನ ಅಂಗಿಯ ಜೇಬಿಗೆ ತುರುಕಿದ. ಡಾಯ್ಲ್ ಹೊರತೆಗೆದು ನೋಡಿದ. ಸಾಲು ಇಪ್ಪತ್ತೆರಡು, ಸೀಟು ಏಳು.

"ಬೇಡ ಕಣೋ. ನಾನು ಮೇಲೆ ಎಲ್ಲಾದ್ರೂ ಕೂತ್ಕೋತೀನಿ."

"ಬಾಯಿ ಮುಚ್ಕೊಂಡು ಇಟ್ಕೊ."

ಐದು ಮತ್ತು ಆರರಲ್ಲಿ ಗಂಡ ಹೆಂಡತಿ ಆಗಲೇ ಬಂದು ಕೂತಿದ್ದರು, ಮೂವತ್ತು ದಾಟದವರು, ಅಂಗಡಿಯ ಮಡಿಕೆ ಬಿಚ್ಚದ ಹಸಿರು ಅಂಗಿ ಇಬ್ಬರಿಗೂ. ವರ್ಲನ್ ತನ್ನ ಜಾಗದಲ್ಲಿ ಕೂತ. ಡಾಯ್ಲ್ ಮಾತ್ರ ನಿಂತೇ ಇದ್ದ. ರಾಷ್ಟ್ರಗೀತೆ ಮುಗಿಯಿತು, ಊರೆಲ್ಲ ಕೂತಿತು, ಅವನು ಕೂರಲಿಲ್ಲ. "ಓ ಹಸಿರು ಟೋಪಿ, ಕೂತ್ಕೊಳ್ಳಯ್ಯಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ವರ್ಲನ್ ಅವನ ಅಂಗಿಯ ಅಂಚು ಹಿಡಿದು ಎಳೆದ. ಡಾಯ್ಲ್ ಬೆಂಚಿನ ತುದಿಯಲ್ಲಿ ನೆಂಟರ ಮನೆಗೆ ಬಂದವನ ಹಾಗೆ ಕೂತುಕೊಂಡ.

ಆರರಲ್ಲಿ ಕೂತಿದ್ದ ಹುಡುಗಿ ತನ್ನ ಚೀಲವನ್ನು ಕಾಲ ಬಳಿಗೆ ಎಳೆದುಕೊಂಡು ಅವನಿಗೆ ಜಾಗ ಮಾಡಿಕೊಟ್ಟಳು. "ನಾವು ಈ ವರ್ಷ ಹೊಸಬರು. ಇದು ನಿಮ್ಮ ಹಳೇ ಸೀಟಾ ಅಂಕಲ್?"

"ಇಲ್ಲಮ್ಮ," ಎಂದ ಡಾಯ್ಲ್. "ಇದು ನೋರೀನ್‌ದು."

"ನೋರೀನ್ ಅಂದ್ರೆ?"

ವರ್ಲನ್ ಮತ್ತು ಡಾಯ್ಲ್ ಇಬ್ಬರೂ ಒಟ್ಟಿಗೇ ಬಾಯಿ ತೆರೆದರು, ಒಬ್ಬರಿಗೊಬ್ಬರು ಅಡ್ಡ ಬಂದು ನಿಲ್ಲಿಸಿದರು. "ನೀನೇ ಹೇಳು," ಎಂದ ವರ್ಲನ್. "ಅವಳು ಕೂಗೋದ್ರಿಂದ ಶುರು ಮಾಡು." ಕೆಳಗೆ ಆ ವರ್ಷದ ಮೊದಲ ಚೆಂಡನ್ನು ಒದ್ದರು, ಜನ ಎದ್ದು ನಿಂತರು. ಹುಡುಗಿ ಮಾತು ಕೇಳಿಸಲೆಂದು ಕಿವಿಯನ್ನು ಹತ್ತಿರ ತಂದಳು.