ಸಮುದಾಯ ಭವನಕ್ಕೆ ನಮ್ಮನ್ನು ಕರೆಯೋರು ಯಾರು?

ಕೆಂಗೇರಿ ದಾಟಿ ಸ್ವಲ್ಪ ದೂರ ಹೋದರೆ ಸೀಗೆಪಾಳ್ಯ ಅಂತ ಒಂದು ಊರು. ಅರ್ಧ ಹಳ್ಳಿ, ಅರ್ಧ ಲೇಔಟು. ಅಲ್ಲಿ ಯಾರನ್ನೇ ಕೇಳಿ, ಒಂದೇ ಮಾತು: "ಅಯ್ಯೋ, ನಮ್ಮೂರಲ್ಲಿ ಏನ್ ನಡೆಯುತ್ತೆ ಬಿಡಿ! ಏನಿದ್ರೂ ಎಲ್ಲಾ ಸಿಟಿಯೋರಿಗೆ." ಹೀಗೆ ಹೇಳುತ್ತಿರುವಾಗಲೇ ಬೆನ್ನ ಹಿಂದೆ ಸಮುದಾಯ ಭವನದಲ್ಲಿ ಮೈಕು ಕೂಗುತ್ತಿರುತ್ತದೆ. ಆದರೂ ಹೇಳುತ್ತಾರೆ ನೋಡಿ, ಅದೇ ಸೋಜಿಗ.

ರಾಮಯ್ಯನವರ ಸೊಸೆ ಲತಾ ಕೂಡ ಹೀಗೇ ಅಂದುಕೊಂಡಿದ್ದಳು. ಹುಚ್ಚೆಳ್ಳು ಚಟ್ನಿಪುಡಿ ಮಾಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಹುಚ್ಚೆಳ್ಳನ್ನು ಹದವಾಗಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಸೇರಿಸಿ ಕುಟ್ಟಿದರೆ ಮೂರನೇ ಮನೆಯವರೆಗೂ ಘಮ್ಮೆನ್ನುತ್ತಿತ್ತು. ಆದರೆ ಕೊಳ್ಳುವವರೆಲ್ಲಿ? ಹಳೇ ಮನೆಗಳವರು ತಾವೇ ಮಾಡಿಕೊಳ್ಳುತ್ತಾರೆ. ಲೇಔಟಿನವರಿಗೆ ಲತಾ ಯಾರೆಂದೇ ಗೊತ್ತಿಲ್ಲ. ಒಂದು ವರ್ಷ ನೋಡಿದ ಗಂಡ ಮೋಹನ್ ಕುಮಾರ್, ಸುಂಕದಕಟ್ಟೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಅವಳಿಗೆ ಕೆಲಸ ಕೇಳಿಟ್ಟ. ಮುಂದಿನ ತಿಂಗಳ ಒಂದನೇ ತಾರೀಖಿಗೆ ಸೇರಬೇಕು. ಗಾರ್ಮೆಂಟ್ಸ್ ಕೆಲಸವೇನೂ ಕೀಳಲ್ಲ. ಆದರೆ ತಾನೇ ಕಟ್ಟಿದ ಕೆಲಸ ಕೈಬಿಟ್ಟು ಹೋಗಬೇಕಲ್ಲ ಅಂತ ಲತಾಗೆ ಸಂಕಟ.

ಒಂದು ಭಾನುವಾರ ಊಟಕ್ಕೆ ಕೂತಾಗ ಅತ್ತೆ ಚಿಕ್ಕಲಕ್ಷ್ಮಮ್ಮ ಒಂದು ಪೊಟ್ಟಣ ಬಿಚ್ಚಿದರು. ನೋಡಿದರೆ ಹುಚ್ಚೆಳ್ಳು ಚಟ್ನಿಪುಡಿ!

"ಎಲ್ಲಿಂದ ಬಂತು ಅತ್ತೆ ಇದು?"

"ಪಕ್ಕದ ಮನೆ ದುರ್ಗವ್ವ ಕೊಟ್ಲು ಕಣಮ್ಮ. ನಿನ್ನೆ ಸಮುದಾಯ ಭವನದಲ್ಲಿ ಹೆಂಗಸ್ರ ಸಂತೆ ಇತ್ತಂತೆ. ಯಾರೋ ಸುಂಕದಕಟ್ಟೆಯಿಂದ ಬಂದು ಮಾರಿದ್ರಂತೆ. ಗಂಟೆಯೊಳಗೆ ಎಲ್ಲಾ ಖಾಲಿಯಂತೆ!"

ಲತಾ ಚಿಟಿಕೆ ಪುಡಿ ಬಾಯಿಗೆ ಹಾಕಿ ನೋಡಿದಳು. ತನ್ನ ಊರು, ತನ್ನ ಬೀದಿ, ಇನ್ನೂರು ಹೆಜ್ಜೆ ದೂರ. ಅಲ್ಲಿ ಬೇರೆ ಊರಿನವರು ಬಂದು ತಾನು ಮಾಡುವ ಚಟ್ನಿಪುಡಿಯನ್ನೇ ಮಾರಿಹೋದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

"ಮಾವ, ನಿನ್ನೆ ಭವನದ ಮುಂದೆ ಶಾಮಿಯಾನ ಹಾಕಿದ್ದು ನೀವೂ ನೋಡಿದ್ರಲ್ಲ?" ಅಂದಳು.

"ನೋಡ್ದೆ," ಅಂದರು ರಾಮಯ್ಯ. "ಯಾರ ಮನೆ ನಾಮಕರಣವೋ ಅನ್ಕೊಂಡೆ. ಏನಾದ್ರೇನು, ನಮ್ಮನ್ನೇನು ಮನೆಗೆ ಬಂದು ಕರೆದ್ರಾ? ಕರೆಯದೇ ಹೋಗಿ ನಿಲ್ಲೋ ವಂಶ ಅಲ್ಲ ನಮ್ದು."

ನೋಡಿ, ಇಲ್ಲೇ ಇರುವುದು ಗಂಟು. ಮದುವೆಯಾಗಲಿ, ಗೃಹಪ್ರವೇಶವಾಗಲಿ, ಮನೆಗೆ ಬಂದು ಕುಂಕುಮ ಕೊಟ್ಟು ಕರೆದರೆ ಮಾತ್ರ ಹೋಗುವುದು ಆ ಮನೆಯ ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ಊರಿನವರಿಗಾಗಿ ಹಾಕಿದ ಶಾಮಿಯಾನಕ್ಕೂ ಅದೇ ಲೆಕ್ಕ ಹಿಡಿದು, ಆ ಮನೆಯವರು ಭವನ ಕಟ್ಟಿದ ಎಂಟು ವರ್ಷದಿಂದ ಒಂದು ಕಾರ್ಯಕ್ರಮಕ್ಕೂ ಕಾಲಿಟ್ಟಿರಲಿಲ್ಲ.

ಮರುದಿನ ಲತಾ ದುರ್ಗವ್ವನನ್ನು ಕೇಳಿಕೊಂಡು ಪಂಚಾಯ್ತಿ ಗ್ರಂಥಾಲಯದ ಬಾಗಿಲಲ್ಲಿ ನಿಂತಳು. ಅಲ್ಲಿನ ಮೇಲ್ವಿಚಾರಕಿ ಚೈತನ್ಯಾ ನಗುಮುಖದ ಹುಡುಗಿ, ದಾವಣಗೆರೆ ಕಡೆಯವಳು.

"ಮೇಡಂ, ಸಂತೆಗೆ ಕರೆಯೋದು ಯಾರು? ನಮ್ಮನೆಗೆ ಯಾರೂ ಬರ್ಲೇ ಇಲ್ಲ."

"ಯಾರೂ ಬರಲ್ಲ ಅಕ್ಕ, ಮನೆಮನೆಗೆ ಬರೋಕೆ ಜನ ಎಲ್ಲಿದಾರೆ? ಬನ್ನಿ ಇಲ್ಲಿ," ಅಂತ ಚೈತನ್ಯಾ ಅವಳನ್ನು ಗೋಡೆಯ ಬೋರ್ಡಿನ ಮುಂದೆ ನಿಲ್ಲಿಸಿದಳು. "ಇಲ್ಲಿ ಹಾಕಿದ್ರೆ ಇಡೀ ಊರನ್ನೇ ಕರೆದ ಹಾಗೆ. ಓದಿ."

ಲತಾ ಓದುತ್ತಾ ಹೋದಳು, ಕಣ್ಣು ಅರಳುತ್ತಾ ಹೋಯಿತು. ಹದಿನೈದು ದಿನಕ್ಕೊಂದು ಶನಿವಾರ ಮಹಿಳಾ ಸಂತೆ. ಭಾನುವಾರ ಬೆಳಗ್ಗೆ ಮಕ್ಕಳಿಗೆ ಕೋಲಾಟ, ಸೋಬಾನೆ ಪದ ಕಲಿಸುವುದು. ಬೇಸಿಗೆಯಲ್ಲಿ ಶಿಬಿರ. ಬಾಣಂತಿಯರಿಗೆ, ವಯಸ್ಸಾದವರಿಗೆ ತಪಾಸಣೆ. ಬುಧವಾರ ಸಣ್ಣ ವ್ಯಾಪಾರದವರಿಗೆ ತರಬೇತಿ. ವರ್ಷದಲ್ಲಿ ಖಾಲಿ ಬಿಟ್ಟ ತಿಂಗಳೇ ಇಲ್ಲ!

"ಇದೆಲ್ಲಾ ನಮ್ಮೂರಲ್ಲೇನಾ?"

"ನಿಮ್ಮೂರಲ್ಲೇ ಅಕ್ಕ. ಇಲ್ಲಿಗೆ ಬರೋಕಾಗದಿದ್ರೆ ಅಂಗನವಾಡಿ ಟೀಚರ್‌ನ ಕೇಳಿ, ಸ್ವಸಹಾಯ ಸಂಘದೋರ ವಾಟ್ಸಾಪ್ ಗ್ರೂಪಿಗೆ ಸೇರ್ಕೊಳ್ಳಿ. ಗ್ರಾಮಸಭೆಗೆ ಬಂದು, ನಮಗೆ ಇಂಥದ್ದು ಬೇಕು ಅಂತ ಕೇಳಲೂಬಹುದು. ಒಂದು ಮಾತು, ತಿನ್ನೋ ಪದಾರ್ಥ ಮಾರೋಕೆ ಆಹಾರ ಸುರಕ್ಷತೆ ನೋಂದಣಿ ಬೇಕು. ಬುಧವಾರ ಬನ್ನಿ, ಅದನ್ನ ಮಾಡಿಸೋದು, ಪ್ಯಾಕ್ ಮೇಲೆ ಏನೇನು ಬರೀಬೇಕು, ಎಲ್ಲಾ ಹೇಳ್ಕೊಡ್ತಾರೆ."

ಲತಾ ಅಲ್ಲೇ ಹೆಸರು ಬರೆಸಿದಳು. ಮನೆಗೆ ಬಂದು ಹೇಳಿದ್ದೇ ತಡ, ರಾಮಯ್ಯ ಮುಖ ಗಂಟು ಹಾಕಿಕೊಂಡರು.

"ಕರೆಯದ ಕಡೆ ಹೋಗಿ ಮೇಜು ಹಾಕ್ಕೊಂಡು ಕೂತ್ಕೋತೀಯಾ? ಊರೋರು ಏನಂತಾರೆ?"

ಲತಾ ಎಂದೂ ಮಾವನಿಗೆ ಎದುರಾಡಿದವಳಲ್ಲ. ಅವತ್ತು ಮಾತ್ರ ತಡೆಯಲಾಗಲಿಲ್ಲ.

"ಮಾವ, ದನಕ್ಕೆ ನೀರು ಕುಡಿಸೋಕೆ ಕೆರೆಗೆ ಹೊಡ್ಕೊಂಡು ಹೋಗ್ತಿದ್ರಲ್ಲ, ಆಗ ಯಾರು ಬಂದು ಕರೆದಿದ್ರು?"

"ಕೆರೆಗೆ ಯಾರು ಕರೀಬೇಕು? ಅದು ಊರಿಂದು. ನಮ್ದು."

"ಸಮುದಾಯ ಭವನ ಯಾರದು? ವರ್ಷಾ ವರ್ಷಾ ಪಂಚಾಯ್ತಿಗೆ ಕಂದಾಯ ಕಟ್ತೀರಲ್ಲ, ಅಲ್ಲಿ ನಾವು ನೆಂಟರಾ? ಮನೆಯೋರನ್ನ ಯಾರಾದ್ರೂ ಅವರ ಮನೆಗೇ ಬನ್ನಿ ಅಂತ ಕರೀತಾರಾ?"

ಚಿಕ್ಕಲಕ್ಷ್ಮಮ್ಮ ಒಳಗಿಂದಲೇ, "ಸರಿಯಾಗಿ ಕೇಳ್ದೆ ಬಿಡು!" ಅಂದರು. ರಾಮಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಒಪ್ಪಿದರು ಅಂತೀರಾ? ಎಲ್ಲಿ ಬಂತು! ಅಷ್ಟು ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ.

ಬುಧವಾರ ಲತಾ ತರಬೇತಿಗೆ ಹೋದಳು, ನೋಂದಣಿ ಮಾಡಿಸಿದಳು, ಪ್ಯಾಕೆಟ್ಟಿನ ಮೇಲೆ ಹೆಸರು, ತಾರೀಖು ಎಲ್ಲಾ ಅಂಟಿಸಿದಳು. ಸಂತೆಯ ಶನಿವಾರ ಬಂತು. ಒಂದನೇ ತಾರೀಖಿಗೆ ಇನ್ನು ನಾಲ್ಕೇ ದಿನ.

ಬೆಳಗ್ಗೆ ಒಂಬತ್ತಾಯಿತು, ಹತ್ತಾಯಿತು. ಈ ಸಲ ಬಂದವರು ಹೆಚ್ಚಾಗಿ ಹುಚ್ಚೆಳ್ಳನ್ನೇ ಕಾಣದ ಲೇಔಟಿನ ಜನ; ಪಕ್ಕದ ಮೇಜಿನ ಹಪ್ಪಳ ಕೊಂಡರು, ಲತಾಳ ಮೇಜಿನ ಮುಂದೆ ನಿಂತು ಮುಂದೆ ಹೋದರು. ಕಪ್ಪನೆಯ ಪುಡಿ ನೋಡಿ ಒಬ್ಬ ಯುವಕ, "ಏನ್ ಆಂಟಿ ಇದು, ಸೀದೋಗಿದೆಯಾ?" ಅಂದೇಬಿಟ್ಟ. ಲತಾಗೆ, ಇನ್ನು ಗಾರ್ಮೆಂಟ್ಸ್ ಬಸ್ಸೇ ಗತಿ ಅಂತ ಕಣ್ಣು ತುಂಬಿಕೊಂಡಿತು.

ರಾಮಯ್ಯ ಗೇಟಿನ ಹೊರಗೆ ನಿಂತಿದ್ದರು. ಒಳಗೆ ಬರಲೊಲ್ಲರು, ಮನೆಗೂ ಹೋಗಲೊಲ್ಲರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಪಂಚೆ ಎತ್ತಿ ಕಟ್ಟಿಕೊಂಡು ಸರಸರನೆ ನುಗ್ಗಿದರು.

"ಏನಂದ್ರಿ? ಸೀದೋಗಿದೆಯಾ? ಹುಚ್ಚೆಳ್ಳು ಸ್ವಾಮಿ ಇದು! ನೀವು ಮನೆ ಕಟ್ಕೊಂಡಿರೋ ಜಾಗದಲ್ಲೇ ರಾಗಿ ಮಧ್ಯೆ ಅಕ್ಕಡಿ ಸಾಲಿಗೆ ಬಿತ್ತುತಿದ್ದೆ ನಾನು. ಹೊಲ ಪೂರ್ತಿ ಹಳದಿ ಹೂವು, ಜೇನು ಗುಂಯ್ ಅನ್ನೋವು. ಇದರ ಬಣ್ಣವೇ ಕಪ್ಪು. ಬಾಯಿಗೆ ಹಾಕ್ಕೊಂಡು ಆಮೇಲೆ ಮಾತಾಡಿ!"

ಚಿಕ್ಕಲಕ್ಷ್ಮಮ್ಮ ಬಿಸಿ ಅಕ್ಕಿ ರೊಟ್ಟಿ ತಂದಿದ್ದರು. ರಾಮಯ್ಯ ಅದನ್ನು ಮುರಿದು, ಪುಡಿ ಉದುರಿಸಿ ಆ ಹುಡುಗನ ಕೈಗೆ ಕೊಟ್ಟರು. ಅವನು ತಿಂದ. ಇನ್ನೊಂದು ಚೂರು ಕೇಳಿದ. ಆಮೇಲೆ ಫೋನ್ ತೆಗೆದು, "ಅಮ್ಮಾ, ಬೇಗ ಭವನದ ಹತ್ರ ಬಾ," ಅಂದ. ನೋಡನೋಡುತ್ತಿದ್ದಂತೆ ಮೇಜಿನ ಸುತ್ತ ಜನವೋ ಜನ. ರಾಮಯ್ಯನವರ ಗಂಟಲಿನ ಮುಂದೆ ಮೈಕು ಸಪ್ಪೆಯಾಯಿತು. ಹನ್ನೊಂದೂವರೆಗೆ ಲತಾಳ ಬುಟ್ಟಿ ಬರಿದು. ಸಿಗದವರು ಮುಂದಿನ ಸಂತೆಗೆ ಈಗಲೇ ಹೇಳಿಟ್ಟು ಹೋದರು. ಅತ್ತೆ ಸೊಸೆ ಕೈ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು.

ಮಧ್ಯಾಹ್ನ ಲತಾ ಗಂಡನಿಗೆ ಫೋನ್ ಮಾಡಿದಳು. "ಗಾರ್ಮೆಂಟ್ಸ್‌ನೋರಿಗೆ ಬರಲ್ಲ ಅಂತ ಹೇಳಿಬಿಡ್ರೀ. ನನಗೆ ಇಲ್ಲೇ ಕೈತುಂಬ ಕೆಲಸ ಇದೆ." ಅವಳು ಕಳಿಸಿದ್ದ ಬರಿದಾದ ಬುಟ್ಟಿಯ ಫೋಟೋ ಮೊದಲೇ ನೋಡಿದ್ದ ಮೋಹನ್ ಕುಮಾರ್, "ನಾನು ಆಗಲೇ ಹೇಳಿಯಾಯ್ತು ಕಣೇ," ಅಂದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಏನೂ ನಡೆಯುವುದಿಲ್ಲ ಅಂತ ಕೂತಿದ್ದೀರಾ? ಇವತ್ತೇ ಎದ್ದು ಹೋಗಿ ಪಂಚಾಯ್ತಿಯ ಬೋರ್ಡು ನೋಡಿ. ಗ್ರಂಥಾಲಯದಲ್ಲಿ ವಿಚಾರಿಸಿ. ಅಂಗನವಾಡಿ ಟೀಚರನ್ನು, ಸಂಘದವರನ್ನು ಕೇಳಿ, ತಾರೀಖನ್ನು ಮನೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಏನೂ ಇಲ್ಲವೆಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮಗೆ ಬೇಕು ಅನ್ನಿ. ಹಾಡಿರಲಿ, ಆಟವಿರಲಿ, ವ್ಯಾಪಾರವಿರಲಿ, ನಿಮ್ಮ ಹೆಸರು ಬರೆಸಿ. ಊರಿನ ಶಾಮಿಯಾನದ ಕೆಳಗೆ ನಿಮ್ಮದೊಂದು ಜಾಗವಿದೆ. ಚಪ್ಪಲಿ ಮೆಟ್ಟಿಕೊಳ್ಳಿ, ಮನೆಯವರನ್ನೆಲ್ಲ ಕರೆದುಕೊಂಡು ಹೊರಡಿ.