ಹದಿನೈದು ಅಂಕಿಯ ಹೀರೋ

ಏಳು ಬಿತ್ತು, ಸೀಮೆಸುಣ್ಣ ಕೀಚ್ ಎಂದಿತು, ಇನ್ನು ಎಂಟು, ಆಮೇಲೆ ಬರೀ ಇಳಿಜಾರು — ಕೊನೆಯ ಬೆಂಚಿನಲ್ಲಿ ತಮ್ಮ ಕಾಲ ಮೇಲೆ ಕಾಲು ಹಾಕಿ ನೋಡುತ್ತಿದ್ದ, ಅಕ್ಕ ಬೋರ್ಡಿನ ಮೇಲೆ ಬರೆಯುತ್ತಿರುವುದು ಅವನೇ ಕೊಟ್ಟ ಸಂಖ್ಯೆ, 123456787654321, ಎಡದಿಂದ ಓದು ಬಲದಿಂದ ಓದು ಅದೇ ಮುಖ, ಹೀರೋ ಎಂಟ್ರಿ ಅಂದರೆ ಹೀಗಿರಬೇಕು, ಸೀಟಿ ಹೊಡೆಯುವ ಹಾಗಿಲ್ಲ ಅಷ್ಟೇ, ಮುಂದಿನ ಸಾಲಿನಲ್ಲಿ ಟ್ಯುಟೋರಿಯಲ್ಲಿನ ಪ್ರಿನ್ಸಿಪಾಲ್ ಮೇಡಂ, ಅಕ್ಕನ ಡೆಮೊ ಪಾಠ ಅವರಿಗೆ ಹಿಡಿಸಿದರೆ ಕೆಲಸ ಕಾಯಂ, ಇಲ್ಲವಾದರೆ ಮತ್ತೆ ಮನೆಮನೆ ಅಲೆದು ಪಾಠ ಹೇಳಬೇಕು. ಬೆಂಚು ಖಾಲಿ ಕಾಣಬಾರದೆಂದು ಡೆಮೊ ಕೊಡುವವರೆಲ್ಲ ಮನೆಯವರನ್ನೇ ತಂದು ಕೂರಿಸುತ್ತಾರೆ, ಪಕ್ಕದಲ್ಲಿ ಚಿಕ್ಕಮ್ಮ ಹಾಳೆಯ ಮೇಲೆ ಹೂವು ಗೀಚುತ್ತ, ಲೋ, ಇದು ಎಷ್ಟೊತ್ತಿಗೆ ಮುಗಿಯುತ್ತೋ, ಸುಮ್ನಿರು ಚಿಕ್ಕಮ್ಮ, ನೀನೀಗ ಒಂಬತ್ತನೇ ಕ್ಲಾಸು.

ನಿನ್ನೆ ಅಕ್ಕ ಕೇಳಿದ್ದಳು, ಯಾವುದರಿಂದಲೂ ಭಾಗ ಆಗದೇ ಇರೋ ದೊಡ್ಡ ಸಂಖ್ಯೆ ಹೇಳೋ, ನೋಡೋಕೂ ಚೆನ್ನಾಗಿರಬೇಕು, ಇವನು ಕಾಲರ್ ಎತ್ತಿ, ತಗೋ, ಅವಿಭಾಜ್ಯ, ಇದನ್ನ ಒಡೆಯೋ ಗಂಡು ಇನ್ನೂ ಹುಟ್ಟಿಲ್ಲ ಕಣೇ, ಡೈಲಾಗ್ ಸಾಕು, ಚೆಕ್ ಮಾಡಿದ್ಯಾ, ಮಾಡಿದೀನಮ್ಮಾ — ಮಾಡಿದ್ದ, ಮೂರು, ಐದು, ಏಳು, ಯಾವುದೂ ಹತ್ತಿರ ಸುಳಿಯಲಿಲ್ಲ, ಹನ್ನೊಂದನ್ನು ಮಾತ್ರ ಮುಟ್ಟಲೇ ಇಲ್ಲ, ಯಾಕೆಂದರೆ ಹಿಂದುಮುಂದು ಒಂದೇ ಆದ ಸಂಖ್ಯೆಯಲ್ಲಿ ಅಂಕಿಗಳ ಎಣಿಕೆ ಸಮವಾಗಿದ್ದರೆ ಹನ್ನೊಂದು ನುಂಗಿಯೇ ತೀರುತ್ತದೆ, ಇಲ್ಲಿರುವುದು ಹದಿನೈದು, ಬೆಸ, ಬಚಾವ್ ಅಂದುಕೊಂಡ. ಬೆಸವಿದ್ದರೆ ನುಂಗಲೇಬೇಕು ಅಂತಿಲ್ಲ ಸರಿ, ನುಂಗಬಾರದು ಅಂತ ಯಾರು ಹೇಳಿದ್ದರು? ಈಗ ಬೆಂಚಿನಲ್ಲಿ ಕೂತು ಸುಮ್ಮನೆ ಒಂದು ಬಿಟ್ಟು ಒಂದು ಕೂಡಿಸಿದ, ಒಂದು ಮೂರು ಐದು ಏಳು, ಏಳು ಐದು ಮೂರು ಒಂದು, ಮೂವತ್ತೆರಡು, ಉಳಿದದ್ದು ಎರಡು ನಾಲ್ಕು ಆರು ಎಂಟು, ಆರು ನಾಲ್ಕು ಎರಡು, ಅದೂ — ಥೂ — ಮೂವತ್ತೆರಡು, ಕಳೆದರೆ ಸೊನ್ನೆ, ಸೊನ್ನೆ ಬಂತು ಅಂದರೆ ಹನ್ನೊಂದರಿಂದ ಭಾಗ ಆಯಿತು ಅಂತಲೇ ಲೆಕ್ಕ, ಹನ್ನೊಂದಕ್ಕೆ ಬಾಡೂಟ.

ಮೇಡಂ ಪೆನ್ನು ಕೆಳಗಿಟ್ಟರು, ಬೋರ್ಡು ನೋಡುತ್ತ ಬೆರಳು ಮಡಿಸುತ್ತಿದ್ದಾರೆ, ಒಂದು ಬಿಟ್ಟು ಒಂದು, ಅಯ್ಯೋ ಅವರಿಗೂ ಗೊತ್ತು, ಅಕ್ಕನಿಗೆ ಕಾಣುತ್ತಿಲ್ಲ, ಸೀಮೆಸುಣ್ಣದ ತುದಿ ಸಂಖ್ಯೆಯ ಕೆಳಗೆ ಬಂತು, ಮಕ್ಕಳೇ, ಇದನ್ನ ಭಾಗ ಮಾಡೋರು ಯಾರಾದ್ರೂ ಇದ್ದೀರಾ, ಯಾರೂ ಇಲ್ಲ ಅಲ್ವಾ, ಅ ಅಂತ ಬರೆದಳು, ವಿ ಬರೆಯುವ ಮೊದಲು, ಇದ್ದೀನಿ ಟೀಚರ್ — ಯಾರ ಗಂಟಲಪ್ಪ ಇದು, ಇಷ್ಟು ಸಣ್ಣ, ಅವನದೇ — ಹನ್ನೊಂದು. ಕೂತ್ಕೊಳೋ ಮಂಗ್ಯಾ, ಚಿಕ್ಕಮ್ಮ ಶರ್ಟು ಎಳೆದಳು. ಮೇಡಂ ಬೆರಳು ನಿಂತಿತು. ಅಕ್ಕ ಅವನನ್ನು ನೋಡಲಿಲ್ಲ, ಸಂಖ್ಯೆಯನ್ನೇ ನೋಡಿದಳು, ತುಟಿ ಅಲ್ಲಾಡಿತು, ಅಂಗೈಯಿಂದ ಅ ಒರೆಸಿದಳು, ತಿರುಗಿದಳು. ಭೇಷ್. ಬಾ, ಒಡೆದು ತೋರಿಸು.

ಎದ್ದು ನಡೆದ, ನಡೆಯುತ್ತಲೇ ಹೊಳೆಯಿತು, ಹನ್ನೊಂದಷ್ಟೇ ಅಲ್ಲ, ಸಾಲಾಗಿ ಎಂಟು ಒಂದುಗಳು, 11111111, ಅವನ್ನು ಅವೇ ಎಂಟು ಒಂದುಗಳಿಂದ ಗುಣಿಸಿದರೆ ಒಂದೊಂದು ಸಾಲೂ ಒಂದೊಂದು ಮನೆ ಸರಿದು ಮೆಟ್ಟಿಲಾಗುತ್ತದೆ, ಹತ್ತಿ ಇಳಿದರೆ ಇದೇ ಸಂಖ್ಯೆ, ಡಬಲ್ ರೋಲ್ ಕಣೇ ಅಕ್ಕ, ಇದನ್ನೇ ಪಾಠ ಮಾಡಿಬಿಡು, ಹೇಳಬೇಕು, ನಗಿಸಬೇಕು, ಡೈಲಾಗ್ ಆಮೇಲೆ, ಅಕ್ಕನ ಮುಖದಲ್ಲಿ ಟೀಚರ ನಗು, ಚಾಚಿದ ಕೈ, ಕೈಯಲ್ಲಿ ಸೀಮೆಸುಣ್ಣ, ಅದರ ತುದಿ, ಬಿಳಿ ತುದಿ, ಇಸಿದುಕೊಂಡು ಸಂಖ್ಯೆಯ ಕೆಳಗೆ ಬರೆಯತೊಡಗಿದ, ಒಂದು, ಒಂದು, ಒಂದು