ಗಿರಣಿಯ ಹುಣಸೆ ಬೀಜ

ಡಬ್ಬಿಗೆ ಬೀಳುತ್ತಿದ್ದುದನ್ನು ಬೆರಳಲ್ಲಿ ಹೊಸಕಿದ ಕೂಡಲೇ ಕೊಟ್ರಮ್ಮನಿಗೆ ತಾನು ತಪ್ಪು ಗುಂಡಿ ಒತ್ತಿದ್ದು ಗೊತ್ತಾಯಿತು. ನುಚ್ಚಿಗೆಂದು ಸುರಿದ ಜೋಳ ನುಣ್ಣನೆಯ ಹಿಟ್ಟಾಗಿ ಇಳಿಯುತ್ತಿತ್ತು. ಹಿಟ್ಟನ್ನು ತಿರುಗಿ ನುಚ್ಚು ಮಾಡಲು ಬರುವುದಿಲ್ಲ.

"ದಿನಾ ರೊಟ್ಟಿ ಬಡಿಯಾಕ ಇನ್ನ ನೀನೇ ಬಾ ಯಕ್ಕಾ ನಮ್ಮನಿಗೆ," ಎಂದು ಜೋಳ ತಂದಿದ್ದ ಸುವರ್ಣಮ್ಮ ನಕ್ಕಳು. ನಗೆಯೊಳಗೆ ಸಿಟ್ಟೂ ಇತ್ತು. ಕಂಪ್ಲಿಯ ಆ ಓಣಿಯಲ್ಲಿ ಕೊಟ್ರಮ್ಮನ ಗಿರಣಿಯಿಂದ ಹಾಗೆ ಸಿಟ್ಟಾಗಿ ಹೋದವರು ಅದುವರೆಗೆ ಯಾರೂ ಇರಲಿಲ್ಲ.

ಕೊಟ್ರಮ್ಮನ ಕಣ್ಣಿನ ನಡುಭಾಗ ಮಸುಕಾಗಿ ವರ್ಷವಾಗಿತ್ತು. ಹಳೆಯ ಯಂತ್ರದ ಹಿಡಿಕೆಯನ್ನು ಕೈಯೇ ಬಲ್ಲದು. ಮಗ ಸಿದ್ದಲಿಂಗೇಶ್ ತಂದ ಹೊಸದರಲ್ಲಿ ಹಿಡಿಕೆಯಿಲ್ಲ. ಮುಟ್ಟಿದರೆ ಎಲ್ಲವೂ ಒಂದೇ ಎನಿಸುವ ನುಣುಪು ಗುಂಡಿಗಳು.

"ಸಾಕು ಬಿಡವ್ವಾ. ಸೋಮಾರದಿಂದ ಆಳು ಇಡ್ತೀನಿ. ನೀ ಮನ್ಯಾಗ ಆರಾಮ ಕುಂದ್ರು," ಎಂದ ಮಗ.

"ಕುಂತು ಗ್ವಾಡಿ ಮಾತಾಡಸ್ಲೇನು?"

ಸೊಸೆ ಕಾವ್ಯ ಸುಮ್ಮನಿರಲಿಲ್ಲ. ಹಿಟ್ಟಿನ ಗುಂಡಿಗೆ ಅಂಟಿನ ಒಂದು ಚುಕ್ಕಿ, ನುಚ್ಚಿನದಕ್ಕೆ ಎರಡು ಇಟ್ಟು ಒಣಗಿಸಿದಳು. ಮಧ್ಯಾಹ್ನದ ಹೊತ್ತಿಗೆ ಚುಕ್ಕಿಗಳ ಸಂದಿಗೆ ಹಿಟ್ಟಿನ ಧೂಳು ಮೆತ್ತಿ ಎರಡೂ ಒಂದೇ ಗಂಟಾಗಿ, ಯಾವ ಗುಂಡಿ ಯಾವುದೆಂದು ಬೆರಳಿಗೆ ತಿಳಿಯದಾಯಿತು. ಅದನ್ನು ಗಂಡ ನಂಬಲಿಲ್ಲ. ಕಾವ್ಯ ಅವನ ಕಣ್ಣಿಗೆ ಟವೆಲ್ ಬಿಗಿದು ನಿಲ್ಲಿಸಿದಳು. ಅವನೂ ತಪ್ಪು ಗುಂಡಿಯನ್ನೇ ಒತ್ತಿದ.

"ನಿಮ್ಮವ್ವಗ ಕಣ್ಣಿಲ್ಲ ಅಂತಿದ್ರಿ. ನಿಮಗ ಬೆರಳಿಲ್ಲೇನ್ರಿ?"

ಕೊಟ್ರಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಒಳಗೆ ಹೋಗಿ ಚೌಕಾಬಾರ ಆಟದ ಹುಣಸೆ ಬೀಜ ತಂದಳು. "ಇದಕ್ಕ ಧೂಳು ನಿಲ್ಲಾಂಗಿಲ್ಲ ನೋಡು. ಹಿಟ್ಟಿಗೆ ಇಡೀದು, ಉಬ್ಬಿರಲಿ. ನುಚ್ಚಿಗೆ ಒಡೆದ ಬ್ಯಾಳಿ, ಚಪ್ಪಟಿ ಮಗ್ಗಲು ಮ್ಯಾಲ."

"ಯಂತ್ರ ನಿಲ್ಲಸಾಕ?" ಎಂದಳು ಕಾವ್ಯ.

"ಗಾಜಿನ ಬಳಿ ಚೂರು. ಅಂಚು ತೇದು ಹಚ್ಚವ್ವ, ಬೆರಳು ಕೊಯ್ದೀತು."

ಮೂರನ್ನೂ ಹಚ್ಚುವಾಗ ಅತ್ತೆ ಕಣ್ಣು ಮುಚ್ಚಿಕೊಂಡು ಮುಟ್ಟಿ ಎಲ್ಲಿ ಸರಿಯಿಲ್ಲವೆಂದು ಹೇಳಿದಳು, ಸೊಸೆ ಕಿತ್ತು ಸರಿಸಿ ಮತ್ತೆ ಅಂಟಿಸಿದಳು.

ಸೋಮವಾರ ಬೆಳಿಗ್ಗೆ ಸುವರ್ಣಮ್ಮ ಮತ್ತೆ ಜೋಳ ಹೊತ್ತು ಬಂದು, ಸ್ವಲ್ಪವೇ ಯಂತ್ರಕ್ಕೆ ಸುರಿದಳು. "ಯಕ್ಕಾ, ನುಚ್ಚು. ಕೇಳಿಸ್ತಿಲ್ಲ? ನುಚ್ಚು!"

"ಕಿವಿ ನೆಟ್ಟಗದಾವ ತಾಯೀ."

ಸರದಿಯ ಹೆಂಗಸರು ಕತ್ತು ಚಾಚಿದರು. ಕೆಲಸಕ್ಕೆಂದು ಬಂದ ಆಳು ಬಾಗಿಲಲ್ಲೇ ನಿಂತಿದ್ದ. ತಪ್ಪಿದರೆ ಆರಿಸಲೆಂದು ಸಿದ್ದಲಿಂಗೇಶನ ಕೈ ಗೋಡೆಯ ಸ್ವಿಚ್ಚಿನ ಮೇಲಿತ್ತು. ಕೊಟ್ರಮ್ಮನ ಹೆಬ್ಬೆರಳು ಉಬ್ಬಿದ ಬೀಜವನ್ನು ದಾಟಿ, ಚಪ್ಪಟೆಯದರ ಮೇಲೆ ನಿಂತು, ಒತ್ತಿತು.

ಯಂತ್ರ ಗುಡುಗಿತು. ಸುವರ್ಣಮ್ಮ ಡಬ್ಬಿಗೆ ಕೈ ಹಾಕಿ ಒಂದು ಚಿಟಿಕೆ ತೆಗೆದು ಹಲ್ಲಿಗೆ ಕೊಟ್ಟು ನೋಡಿದಳು. ಕರಕರ ಎಂದಿತು. ಉಳಿದ ಜೋಳವನ್ನೂ ಮೇಲೆ ಸುರಿದಳು.

ಸಿದ್ದಲಿಂಗೇಶ್ ಸ್ವಿಚ್ಚಿನಿಂದ ಕೈ ತೆಗೆದ. "ಇಲ್ಲಿ ನಮ್ಮವ್ವ ಅದಾಳ," ಎಂದ ಬಾಗಿಲಲ್ಲಿದ್ದವನಿಗೆ. "ನೀ ಚೀಲ ಇಳಸು ಬಾ."

ಕೊಟ್ರಮ್ಮ ತಿರುಗಿ ನೋಡಲಿಲ್ಲ. ಬಿಸಿ ನುಚ್ಚಿನ ಧಾರೆಗೆ ಅಂಗೈ ಒಡ್ಡಿ ನಿಂತಿದ್ದಳು.